ಟವೆಲ್ ಅಡಿಯ ವ್ಯಾಪಾರ

ಚಳ್ಳಕೆರೆಯ ಹಲ್ಲಿನ ಡಾಕ್ಟರ ಬಾಗಿಲಲ್ಲಿ, ಊದಿದ ಕೆನ್ನೆಗೆ ಟವೆಲ್ ಸುತ್ತಿಕೊಂಡು ಕೂತಿದ್ದ ನನ್ನಿವಾಳದ ಬೋರಯ್ಯನಿಗೆ ಹಿಂದಿನ ಬೆಂಚಿನಿಂದ ಪರಿಚಯದ ದನಿಯೊಂದು ಕೇಳಿಸಿತು. ಕುರಿಸಂತೆಯ ದಳ್ಳಾಳಿ ಕಾಟಪ್ಪ. ಜೊತೆಗೆ ಹೆಂಡತಿ ಪಾಲಮ್ಮ.

"ನಡಿಯೇ ಮನೀಗೆ. ಏಲಕ್ಕಿ ಜಗಿದ್ರೆ ವಾಸನೆ ಹೋಗ್ತೈತೆ."

"ವರ್ಷದಿಂದ ಜಗೀತಿದೀಯ, ಹೋತಾ? ನಾಲಿಗೆ ಮ್ಯಾಲೆ ಸುಣ್ಣ ಬಳಿದಂಗೆ ಕೂತೈತೆ, ವಸಡಿನಾಗೆ ರಕ್ತ. ಮೊಮ್ಮಗಳು ಮುತ್ತು ಕೊಡಾಕೂ ಬರಲ್ಲ."

"ಬಾಯಿ ಸರಿಹೋದ್ರೆ ನನ್ನ ದಂಧೆ ಗತಿ?"

"ದಂಧೆಗೂ ಬಾಯಿಗೂ ಏನ್ ಸಂಬಂಧ?"

"ಟವೆಲ್ ಅಡೀಲಿ ಬೆರಳು ಹಿಡಿದು ರೇಟು ಹೇಳ್ತೀವಲ್ಲ, ಆಗ ಮುಖದ ಹತ್ರ ಬಾಯಿ ತಂದು 'ಏನಂತೀಯಣ್ಣ?' ಅಂತೀನಿ. ಬೇರೆ ದಳ್ಳಾಳಿಗಳ ಹತ್ರ ಗಂಟೆಗಟ್ಲೆ ಜಗ್ಗಾಡೋರು, ನನಗೆ ಒಂದೇ ಮಾತಿಗೆ 'ಆತು, ತಗಾ' ಅಂತ ಓಡ್ತಾರೆ."

"ಥೂ! ನಾನು ಅದು ನಿನ್ನ ಬೆರಳಿನ ಚಮತ್ಕಾರ ಅಂದ್ಕಂಡಿದ್ದೆ."

"ನಾನೂ ಹಂಗೇ ಅಂದ್ಕಂಡಿದ್ದೆ. ಯುಗಾದಿ ಸಂತೇಲಿ ನೆಗಡಿಯಾಗಿ ಮೂಗು ಕಟ್ಟಿದೋನೊಬ್ಬ ಸಿಕ್ಕಿದ. ಮಧ್ಯಾಹ್ನ ಆದ್ರೂ ಒಪ್ಪಲಿಲ್ಲ. ಆಗ ಗೊತ್ತಾತು."

"ಕಾಟಪ್ಪ ಯಾರ್ರಿ? ಒಳಗೆ ಬನ್ನಿ," ಎಂದು ನರ್ಸ್ ಕೂಗಿದಳು. ಪಾಲಮ್ಮ ಗಂಡನ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋದಳು.

ಬೋರಯ್ಯ ಹೋದ ಸಂತೆಯಲ್ಲಿ ಇದೇ ಕಾಟಪ್ಪನಿಗೆ ಜೋಡಿ ಟಗರಲ್ಲಿ ಒಂದನ್ನು ಅರ್ಧ ಬೆಲೆಗೆ ಕೊಟ್ಟು, ಮನೆಯವರಿಗೆ 'ಮಾರ್ಕೆಟ್ ಬಿದ್ದೈತೆ' ಎಂದು ಹೇಳಿದ್ದ. ಇನ್ನೊಂದು ಟಗರು ಮುಂದಿನ ಸಂತೆಗೆಂದು ಮನೆಯಲ್ಲೇ ಇತ್ತು. ಮುಚ್ಚಿದ ಬಾಗಿಲ ಕಡೆ ತಿರುಗಿ, ಡಾಕ್ಟರ ಕೈಗುಣ ಚೆನ್ನಾಗಿರಲಪ್ಪ ಎಂದು ಅವನು ಕೈ ಮುಗಿದ.