ನಾಲ್ಕನೇ ಫೋಟೋ

ನಗೋದಾದರೆ ಈಗಲೇ ನಕ್ಕುಬಿಡಿ, ಆಮೇಲೆ ಬಾಯಿ ಮುಚ್ಚಿಕೊಂಡು ಕೇಳಿ. ನಮ್ಮ ಎದುರುಮನೆಯಲ್ಲೇ ಆಗಿದ್ದು. ಆ ಮನೆ ಹುಡುಗ ಫೋನಿನ ಫೋಟೋ ಆ್ಯಪ್ ಮಾಡೋ ಕೆಲಸದವನು. ವಾಪಸ್ ಬರುವಾಗ ರಾತ್ರಿ ಹತ್ತು. ಬೀದಿ ಕೊನೆಯ ಬಾವಿ ಬಂತು ಅಂದರೆ ಅವನ ಕಾಲು ತಾನಾಗಿ ಚುರುಕಾಗೋದು... ಪಾಪ, ಮೂರು ತಿಂಗಳ ಹಿಂದೆ ಅವನ ತಂಗಿ ಬಿದ್ದದ್ದು ಅದಕ್ಕೇ.

ಅದೂ ಇವನ ಕೆಲಸಕ್ಕಾಗಿ. ಫೋನ್ ಹೇಗೆ ಹಿಡಿದು ತೆಗೆದರೂ ಆ್ಯಪ್‌ನಲ್ಲಿ ಫೋಟೋ ನೆಟ್ಟಗೆ ಕಾಣಬೇಕಲ್ಲ. "ನಾಲ್ಕು ಕಡೆಗೂ ತಿರುಗಿಸಿ ನಿಂದೇ ನಾಲ್ಕು ಫೋಟೋ ಕಳಿಸೇ," ಅಂದಿದ್ದ. ಅವಳು ಬಾವಿಕಟ್ಟೆ ಮೇಲೆ ಕೂತು ಮೂರು ಕಳಿಸಿದಳು. ನಾಲ್ಕನೆಯದು, ಫೋನ್ ಉಲ್ಟಾ ಹಿಡಿದು ತೆಗೆಯಬೇಕಾದದ್ದು, ಬರಲೇ ಇಲ್ಲ. ಬಾವಿಯಿಂದ ಅವಳ ಹೆಣ ಎತ್ತಿದರು. ಫೋನ್ ಸಿಗಲಿಲ್ಲ. "ನಾನೇ ಕೊಂದೆ," ಅಂತ ಇವನು ಊಟ ಬಿಟ್ಟ.

ಮೊನ್ನೆ ಒಂದು ರಾತ್ರಿ ಕೆಲಸ ಮುಗಿಸಿ ಬರುವಾಗ, ಬಾವಿ ಹತ್ತಿರ ಅವನ ಜೇಬಿನಲ್ಲಿ... ಟಿಣ್. ಅವಳ ನಂಬರು. ನಾಲ್ಕನೇ ಫೋಟೋ. ಮುಖ ಉಲ್ಟಾ, ಜಡೆ ನೆಟ್ಟಗೆ ಕೆಳಕ್ಕೆ ಇಳಿಬಿದ್ದಿತ್ತು. ಅದರಡಿ, "ಸರಿ ಬಂತಾ ಅಣ್ಣ?"

ಮನೆಗೆ ಬಂದು ಬಾಗಿಲು ಹಾಕಿಕೊಂಡ. ಫೋನ್ ತಿರುಗಿಸಿದರೆ ಫೋಟೋನೂ ತಿರುಗಿ ಮತ್ತೆ ಉಲ್ಟಾ. ತೆಗೆಯುವಾಗ ಫೋನ್ ಯಾವ ಕಡೆ ಇತ್ತು ಅಂತ ಫೋಟೋದೊಳಗೇ ಒಂದು ಗುರುತು ಇರುತ್ತಂತೆ. ಅದನ್ನ ತೆಗೆದು ನೋಡಿದ. ಫೋನ್ ನೆಟ್ಟಗೇ ಇತ್ತು. ಆ್ಯಪ್‌ದು ತಪ್ಪೇನಿಲ್ಲ... ಉಲ್ಟಾ ಇದ್ದವಳು ಅವಳೇ. ಅವನು ಏನನ್ನ ಅಂತ ಸರಿಮಾಡ್ತಾನೆ?

"ಇಲ್ಲ ಪುಟ್ಟಿ," ಅಂತ ಬರೆದ. ಮರುದಿನ ಅದೇ ಜಾಗ. ಟಿಣ್. ಇನ್ನೊಂದು ಫೋಟೋ. ಹೀಗೇ ಒಂಬತ್ತು ರಾತ್ರಿ. ದಿನದಿನಕ್ಕೂ ಮುಖ ಸೊರಗುತ್ತಿತ್ತು.

ಕೊನೆಗೆ ತಾಯಿಗೆ ತೋರಿಸಿದ. ಅವರು ಪಿಸುಗುಟ್ಟಿದರು: "ಬಂತು ಅಂದುಬಿಡೋ... ಮಗು ಮಲಗಲಿ."

"ಸುಳ್ಳಲ್ವೇನಮ್ಮ?"

"ನಮ್ಮ ಕೈಲಿ ಇನ್ನೇನಿದೆಯಪ್ಪ..."

"ಸರಿ ಬಂತು ಪುಟ್ಟಿ. ಸಾಕು, ಮಲಗು," ಅಂತ ಕಳಿಸಿದ. ಆ ರಾತ್ರಿ ಸದ್ದಿಲ್ಲ. ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡು ಮಲಗಿದನಂತೆ.

ಬೆಳಿಗ್ಗೆ ತಾಯಿ ನಮ್ಮ ಮನೆಗೆ ಬಂದರು, ಕೈಯಲ್ಲಿ ತಮ್ಮ ಹಳೇ ಬಟನ್ ಫೋನು. "ಕನ್ನಡಕ ಸಿಗ್ತಿಲ್ಲ. ಏನೋ ಮೆಸೇಜು ಬಂದಿದೆ, ಸ್ವಲ್ಪ ಓದಿ ಹೇಳಪ್ಪ."

ಮಗಳ ನಂಬರಿನಿಂದ ಒಂದೇ ಸಾಲು. "ಅಣ್ಣ ಸುಳ್ಳು ಹೇಳ್ತಿದ್ದಾನಮ್ಮ."

ಅವರಿವರ ಬಾಯಿಂದ ಕೇಳಿದ್ದಲ್ಲ ಇದು. ಓದಿ ಹೇಳಿದವನು ನಾನೇ.