ಬೇರೆ ಮಾತ್ರೆ ಏನಾದ್ರೂ ತಗೋತೀಯಾ?

ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಯ ಎದುರು, ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ ತಮ್ಮ ಕೂತಿದ್ದರು. ತಮ್ಮ ಹಾಸಿಗೆ ಹೊಲಿಯುವವನಿರಬೇಕು, ಅಂಗಿಯ ತುಂಬ ಹತ್ತಿಯ ಎಳೆ ಅಂಟಿತ್ತು. ಮುಖ ಊದಿ ದುಂಡಗಾಗಿತ್ತು, ಕೈಕಾಲು ಮಾತ್ರ ಕಡ್ಡಿಯಂತಿದ್ದವು.

"ಸೀನು ನಿಲ್ಲಲಿ ಅಂತ ಮೂಗಿಗೆ ಸ್ಪ್ರೇ ಕೊಟ್ರೆ ಮುಖ ಯಾಕೋ ಊದುತ್ತೆ?"

"ಅದ್ರಲ್ಲಿ ಸ್ಟೀರಾಯ್ಡ್ ಇರುತ್ತಂತೆ ಅಕ್ಕ. ನಾನು ನುಂಗೋ ಮಾತ್ರೆ ಅದನ್ನ ಮೈಯಿಂದ ಹೋಗೋಕೆ ಬಿಡಲ್ವಂತೆ."

"ಯಾವ ಮಾತ್ರೆ?"

ಅವನು ದನಿ ತಗ್ಗಿಸಿದ. "ಎಚ್‌ಐವಿದು."

ಅಕ್ಕ ಬೆಂಚಿನ ಅಂಚು ಹಿಡಿದುಕೊಂಡಳು.

"ಯಾವಾಗಿಂದ?"

"ನಿಮ್ಮನೆಗೆ ಬರೋಕೆ ಮುಂಚಿನಿಂದ."

"ಬೇರೆ ಮಾತ್ರೆ ಏನಾದ್ರೂ ತಗೋತೀಯಾ ಅಂತ ಮೂಗಿನ ಡಾಕ್ಟ್ರು ಕೇಳಿದ್ರಲ್ಲೋ. ಇಲ್ಲ ಅಂದ್ಯಲ್ಲ!"

"ನೀನು ಪಕ್ಕದಲ್ಲೇ ಕೂತಿದ್ದೆ."

"ನನ್ನ ತಮ್ಮನ ಮುಖ ತುಂಬ್ಕೊಂಡಿದೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದೆನಲ್ಲೋ ನಾನು."

"ಈಗ ಸ್ಪ್ರೇ ಒಮ್ಮೆಲೇ ನಿಲ್ಲಿಸಿಬಿಟ್ರೂ ಕುಸಿದು ಬೀಳ್ತೀಯ ಅಂದ್ರು ಇಲ್ಲಿನ ಡಾಕ್ಟ್ರು. ಅಡ್ಮಿಟ್ ಆಗ್ಬೇಕಂತೆ."

ಅಕ್ಕ ಅವನ ಅಂಗಿಯಿಂದ ಹತ್ತಿಯ ಎಳೆಯೊಂದನ್ನು ಕಿತ್ತಳು.

"ಮಕ್ಕಳು ನಿನ್ನ ತಟ್ಟೆಗೇ ಕೈ ಹಾಕಿ ತಿಂತವೆ."

"ತಟ್ಟೆಯಿಂದ ಬರಲ್ಲ ಅಕ್ಕ. ಡಾಕ್ಟ್ರನ್ನೇ ಕೇಳು."

"ನಾನು ನಂಬ್ತೀನಿ. ನಿಮ್ಮ ಭಾವ ನಂಬಲ್ಲ."

"ಹಾಗಾದ್ರೆ ನಾನು ವಾಪಸ್ ಮನೆಗೆ ಬರೋದು ಬೇಡ್ವಾ?"

ಅಷ್ಟರಲ್ಲಿ ನರ್ಸ್ ಬಂದು ವಾರ್ಡಿಗೆ ಕರೆದಳು. ಅವನಿಗೆ ಏಳಲು ಕಾಲಲ್ಲಿ ಬಲವಿರಲಿಲ್ಲ. ಅಕ್ಕ ಅವನ ಚೀಲವನ್ನು ಹೆಗಲಿಗೆ ಹಾಕಿಕೊಂಡು, ತೋಳು ಹಿಡಿದು ಎಬ್ಬಿಸಿದಳು.

"ಅಕ್ಕ, ಕೇಳಿದ್ನಲ್ಲ."

"ಮೊದ್ಲು ನೀನು ನಡಿ."

ಗೋಡೆಗೆ ಒಂದು ಕೈ ಊರಿಕೊಂಡು ಅವನು ನಡೆದ. ತಿರುವಿನವರೆಗೂ ಅವನ ಮುಖ ಅಕ್ಕನ ಕಡೆಗೇ ಇತ್ತು. ಅವಳು ನೆಲ ನೋಡುತ್ತ ಹೆಜ್ಜೆ ಹಾಕುತ್ತಿದ್ದಳು.