ಶುದ್ಧ ಸೀಸ

ವಾಪಸ್ ಕಳಿಸಿ ಅಂದ್ರೆ ಹೇಗೆ ಕಳಿಸಲಿ, ಟೆಸ್? ಲಾರಿಯವನು ಆಗಲೇ ಹೆದ್ದಾರಿ ಸೇರಿರ್ತಾನೆ. ಅರ್ಧ ಟನ್ ಸೀಸ. ಕೆಸರಲ್ಲಿ ಗಾಡಿ ಹೂತುಹೋಗುತ್ತೆ ಅಂತ ಗೊಣಗಿಕೊಂಡೇ ಇಳಿಸಿ ಹೋದ. ಅದು ಅಂಗಳದಲ್ಲಿ ಕೂತಿರಲಿ, ನೀನೂ ಒಂದು ಗಳಿಗೆ ಕೂತುಕೋ. ಐದು ತಿಂಗಳ ಬಸುರಿ ಹೀಗೆ ಬಾಗಿಲಲ್ಲಿ ನಿಂತು... ಕೋಟಾದರೂ ಬಿಚ್ಚು.

ಬೇಡವಾ. ಸರಿ, ಬೇಡ.

ಮಿಸೆಸ್ ಹ್ಯಾಲ್ವರ್ಸನ್ ಅಂತೆ. ನಿನ್ನೆವರೆಗೂ ನಿನಗೆ ನಾನು ಮರ್ನಾ ಆಗಿದ್ದೆ. ನನ್ನ ಮಗನನ್ನ ಕಟ್ಟಿಕೊಂಡವಳು, ಮನೆಗೆ ತೆರಿಗೆಯವನು ಬಂದ ಹಾಗೆ ಬಂದು ಮಾತಾಡ್ತಾ ಇದ್ದೀಯ.

ಕೊಡು ಆ ಕಾಗದ. ನಿನ್ನ ರಕ್ತದಲ್ಲಿ ಸೀಸ ಇದೆ ಅಂದ ಕೂಡಲೇ ಕ್ಲಿನಿಕ್ಕಿನ ನರ್ಸು, ಮನೇಲಿ ಯಾರಾದರೂ ಬಂದೂಕಿನ ಗುಂಡು ಎರಕ ಹೊಯ್ತಾರಾ ಅಂತ ಕೇಳಿದಳಾ? ಕೇಳದೇ ಇರ್ತಾಳಾ. ಮೊಂಟಾನಾದ ಈ ಮೂಲೇಲಿ ಮನೆ ಬಿಟ್ಟು ಮನೆಗೆ ಒಂದು ಎರಕದ ಒಲೆ ಇದೆ. ನೀನೇನಂದೆ? ಅತ್ತೆ ಹೊಯ್ತಾರೆ ಅಂದೆಯಾ, ನಾನೂ ಹೊಯ್ತೀನಿ ಅಂದೆಯಾ?

ಹೇಳಿದ್ದು ಒಳ್ಳೇದೇ ಆಯಿತು. ಆದರೆ ಒಂದು ತಿಳ್ಕೋ. ನಮ್ಮ ಸೀಸ ಕಂಡಕಂಡಲ್ಲಿಂದ ತಂದದ್ದಲ್ಲ. ನಿನ್ನ ಮಾವ ಲೈಲ್ ಇದ್ದಾಗ ಟೈರ್ ಅಂಗಡಿಗಳ ಹಿಂದೆ ನಿಂತು, ಚಕ್ರಕ್ಕೆ ಸಿಕ್ಕಿಸೋ ಸೀಸದ ತೂಕದ ತುಂಡುಗಳನ್ನ ಬಕೆಟ್ಟುಗಟ್ಟಲೆ ಕಾಡಿ ಬೇಡಿ ತರ್ತಿದ್ದ. ಗ್ರೀಸು, ಮಣ್ಣು, ಸಿಗರೇಟಿನ ತುಂಡು. ಕಾಯಿಸಿದರೆ ಮನೆಯೆಲ್ಲಾ ನಾತ. ಅವನು ಹೋದಮೇಲೆ ನಾನು ಮೊದಲು ನಿಲ್ಲಿಸಿದ್ದೇ ಅದನ್ನ. ಹೈಸ್ಕೂಲಿನಲ್ಲಿ ಇಡೀ ಆಯುಷ್ಯ ರಸಾಯನಶಾಸ್ತ್ರ ಹೇಳಿಕೊಟ್ಟವಳು ಗುಜರಿ ಕರಗಿಸ್ತೀನಾ? ಸೀದಾ ಕಾರ್ಖಾನೆಗೇ ಬರೆದೆ. ಚಿಲ್ಲರೆಯಾಗಿ ತರಿಸಿದರೆ ಸಾಗಣೆ ಖರ್ಚೇ ಸೀಸವನ್ನ ಮೀರಿಸುತ್ತೆ, ಅದಕ್ಕೇ ಒಟ್ಟಿಗೆ ತರಿಸೋದು. ಪ್ರತಿ ಗಟ್ಟಿಯ ಮೇಲೂ ಅವರ ಮುದ್ರೆ. ಪ್ರತಿ ಲೋಡಿನ ಜೊತೆಗೂ ಪರೀಕ್ಷೆಯ ಪತ್ರ, ಒಂದೂ ಬಿಡದೆ ಫೈಲಿನಲ್ಲಿ ಇಟ್ಟಿದ್ದೀನಿ. ಇದಕ್ಕಿಂತ ಶುದ್ಧ ಸೀಸ ಈ ಜಿಲ್ಲೆಯಲ್ಲಿ ಯಾರ ಮನೇಲೂ...

ಯಾಕೆ ನಗ್ತೀಯ?

ಹ್ಞೂಂ. ಶುದ್ಧವಾದಷ್ಟೂ ಅದು ಸೀಸವೇ. ಅಷ್ಟು ನನಗೂ ಗೊತ್ತು ಕಣೆ.

ನೆಲಮಾಳಿಗೆ ಕಿಟಕಿ ವಿಷಯ ಈಗ ಯಾಕೆ? ಹೊರಗೆ ಮೂಳೆ ಕೊರೆಯೋ ಚಳಿ ಇತ್ತು. ಕಿಟಕಿ ತೆಗೆದರೆ ಅಚ್ಚು ತಣ್ಣಗಾಗುತ್ತೆ, ಗುಂಡಿನ ಮೈಮೇಲೆ ಸುಕ್ಕು ಬೀಳುತ್ತೆ, ಮತ್ತೆ ಎಲ್ಲ ಕರಗಿಸಬೇಕು. ನೀನೇ ಕಂಡಿದ್ದೀಯಲ್ಲ. ಹೌದು, ನೀನು ತೆಗೆದೆ, ನಾನು ಮುಚ್ಚಿದೆ. ಮತ್ತೆ ತೆಗೆದೆ, ಮತ್ತೆ ಮುಚ್ಚಿದೆ. ಕರಗಿದ ಸೀಸದ ಮೇಲೆ ಕಟ್ಟೋ ಕಿಟ್ಟ ಕೆರೆಯೋ ಕೆಲಸ ನಿನಗೆ ಕೊಟ್ಟವಳೂ ನಾನೇ. ಆ ಬೂದು ಪುಡಿಯೇ ಎಲ್ಲಕ್ಕಿಂತ ಕೆಟ್ಟದ್ದು ಅಂದಳಾ ನರ್ಸು? ಓದಿಕೊಂಡ ಹುಡುಗಿ.

ನಿನ್ನ ಗಂಡ ಗ್ರೇಡಿ ಎಣ್ಣೆಬಾವಿ ಕೆಲಸಕ್ಕೆ ಹೋದರೆ ವಾರಗಟ್ಟಲೆ ಈ ಕಡೆ ತಲೆ ಹಾಕಲ್ಲ. ಊಟಕ್ಕೆ ಕರೆದಾಗೆಲ್ಲ ಏನಾದರೂ ನೆಪ ಹೇಳ್ತಿದ್ದವಳು ನೀನು. ಗುಂಡು ಹೊಯ್ಯೋಣ ಅಂತ ನಾನಂದೆ, ನೀನು ಬಂದೆ. ಶನಿವಾರ ಬೆಳಿಗ್ಗೆ ನಿನ್ನ ಗಾಡಿ ತಿರುಗೋ ಸದ್ದು... ನೆಲಮಾಳಿಗೇಲಿ ನಾವಿಬ್ಬರೇ. ನೀನು ಅವನ ಗೊರಕೆಯನ್ನ ಅಣಕಿಸಿ ತೋರಿಸೋದು, ನಾನು ಹೊಟ್ಟೆ ಹಿಡಿದು ನಗೋದು. ಲೈಲ್ ಸತ್ತಮೇಲೆ ನಾನು ಹಾಗೆ ನಕ್ಕಿರಲಿಲ್ಲ.

ಅಳಬೇಡ. ಇಲ್ಲಿ ನೋಡು, ಇದು ಅಂಥ ದೊಡ್ಡ ಅಂಕಿ ಏನಲ್ಲ. ನನಗೆ ಇದರ ಮೂರರಷ್ಟಿದೆ, ಆದರೂ ಸೌದೆ ನಾನೇ ಸೀಳ್ತೀನಿ, ಬುದ್ಧಿ ನೆಟ್ಟಗಿದೆ. ಒಲೆಯಿಂದ ದೂರ ಇದ್ದರೆ ತಾನಾಗಿ ಇಳಿಯುತ್ತೆ ಅಂತ ಡಾಕ್ಟರು ನನಗೂ...

ಏನು?

ಡಾಕ್ಟರು ನನಗೆ ಯಾವಾಗ ಹೇಳಿದ್ದು ಅಂತಲಾ?

ಟೆಸ್, ಬೈದುಬಿಡು. ಹಾಗೆ ನೋಡಬೇಡ.

ವರ್ಷದ ತಪಾಸಣೆ ಅದು. ಎಲ್ಲರೂ ಮಾಡಿಸ್ತಾರೆ. ಇತ್ತೀಚೆಗೇ... ಇತ್ತೀಚೆಗೆ ಅಂದ್ರೆ... ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ. ಒಲೆ ಆರಿಸಿಬಿಡಿ ಅಂದರು. ಹ್ಞೂಂ ಅಂದು ಬಂದೆ. ಆಗ ನೀನು ಬಸುರಿ ಅಂತ ನನಗೆ ಗೊತ್ತಿರಲಿಲ್ಲ, ದೇವರಾಣೆಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಕ್ರಿಸ್‌ಮಸ್ ದಿನ. ಹೇಳಿ ನನ್ನ ಭುಜಕ್ಕೆ ಒರಗಿಬಿಟ್ಟೆ.

ಆಗಲೇ ಹೇಳಬೇಕಿತ್ತು. ನಾಲಿಗೆ ತುದಿವರೆಗೆ ಬಂತು. ಅಷ್ಟರಲ್ಲಿ ನೀನು ಕಣ್ಣೊರೆಸಿಕೊಂಡು, ಶನಿವಾರ ಎಂದಿನ ಹಾಗೆ ಬರ್ಲಾ ಅಂತ ಕೇಳಿದೆ.

ಬಾ ಅಂದೆ.

ಇರು, ಹೀಗೆ ಹೋಗಬೇಡ. ಮೆಟ್ಟಿಲು ಜಾರುತ್ತೆ, ನನ್ನ ಕೈ ಹಿಡ್ಕೋ...

ಸರಿ. ಸರಿ, ಮುಟ್ಟಲ್ಲ.